ಶಬಲ: ಒಂದು ಬಣ್ಣದ ಹೆಸರು, ಹಲವು ಶಾಸ್ತ್ರಗಳ ನುಡಿ

ಬಿಳಿ, ಕರಿ, ಕೆಂಪು, ಹಳದಿ ಎಂಬ ಪದಗಳು ಒಂದೊಂದು ಬಣ್ಣವನ್ನು ಹೇಳಿ ಮುಗಿಸುತ್ತವೆ. ಒಂದೇ ಮೈಮೇಲೆ ಎರಡು ಮೂರು ಬಣ್ಣಗಳು ಕ್ರಮವಿಲ್ಲದೆ ತೇಪೆತೇಪೆಯಾಗಿ ಹರಡಿ, ಒಂದರ ಅಂಚು ಇನ್ನೊಂದರಲ್ಲಿ ಕರಗಿದಂತಿದ್ದರೆ ಅದನ್ನು ಏನೆಂದು ಕರೆಯಬೇಕು? ನಮ್ಮ ರೈತರಿಗೆ ಈ ಸಂದೇಹವಿಲ್ಲ. ಅಂಥ ಎತ್ತನ್ನು ಅವರು ಹಂಡ ಎತ್ತು ಎನ್ನುತ್ತಾರೆ. ಮುಖದ ಮೇಲೆ ಕಂದು ಛಾಯೆ ಹರಡಿದರೆ ಬಂಗು ಎನ್ನುವರು. ಬೆನ್ನು ಕುತ್ತಿಗೆಗಳ ಮೇಲೆ ಮಾಸಲು ಮಚ್ಚೆಗಳೆದ್ದರೆ ಚಿಬ್ಬು ಎನ್ನುವರು. ಸಂಸ್ಕೃತದ ಅಮರಕೋಶವಂತೂ ಈ ಒಂದು ಭಾವಕ್ಕೆ ಚಿತ್ರ, ಕಿರ್ಮೀರ, ಕಲ್ಮಾಷ, ಶಬಲ, ಏತ, ಕರ್ಬುರ ಎಂದು ಆರು ಪದಗಳನ್ನು ಕೊಡುತ್ತದೆ. ವಾಲ್ಮೀಕಿ ರಾಮಾಯಣದಲ್ಲಿ ವಸಿಷ್ಠರ ಕಾಮಧೇನುವಿನ ಹೆಸರು ಶಬಲೆ. ಯಮನ ಎರಡು ನಾಯಿಗಳಲ್ಲಿ ಒಂದು ಶ್ಯಾಮ, ಇನ್ನೊಂದು ಶಬಲ.

ಇಂಗ್ಲಿಷಿನಲ್ಲಿ ಇದೇ ಭಾವಕ್ಕೆ ‘ಮಾಟಲ್’ ಎಂಬ ಪದವುಂಟು. ಹಲವು ಬಣ್ಣದ ನೂಲುಗಳಿಂದ ನೇಯ್ದ ಬಟ್ಟೆಗೆ ಹಿಂದೆ ‘ಮಾಟ್ಲಿ’ ಎನ್ನುತ್ತಿದ್ದರು. ಬಹುಶಃ ಅದರಿಂದಲೇ ಈ ಪದ ಹುಟ್ಟಿತು. ಮಣ್ಣಿನ ಶಾಸ್ತ್ರಜ್ಞರು, ದಂತವೈದ್ಯರು, ಸಸ್ಯರೋಗ ತಜ್ಞರು, ಅನುವಂಶಿಕತೆಯನ್ನು ಅಭ್ಯಸಿಸುವವರು, ಕ್ಷ-ಕಿರಣ ಚಿತ್ರಗಳನ್ನು ಪರೀಕ್ಷಿಸುವವರು ಎಲ್ಲರೂ ಈ ಪದವನ್ನು ತಮ್ಮದಾಗಿಸಿಕೊಂಡಿದ್ದಾರೆ. ಕನ್ನಡದಲ್ಲಿ ಇದಕ್ಕೆ ಶಬಲತೆ ಎಂದರೆ ಸಾಕೆಂದು ತೋರುವುದು. ಪದವೇನೋ ಒಂದೇ, ಆದರೆ ಒಂದೊಂದು ಶಾಸ್ತ್ರದಲ್ಲಿ ಅದರ ಹಿಂದಿನ ಕಾರಣ ಬೇರೆ ಬೇರೆ. ಹಾಗಿದ್ದೂ ಇವರೆಲ್ಲರ ಕೆಲಸದಲ್ಲಿ ಒಂದು ಸಾಮ್ಯವಿದೆ. ಮಚ್ಚೆಯ ಬಣ್ಣ ಯಾವುದು ಎಂಬುದಕ್ಕಿಂತ ಅದು ಎಲ್ಲಿ, ಯಾವ ರೀತಿಯಲ್ಲಿ ಹಂಚಿಕೊಂಡಿದೆ ಎಂಬುದನ್ನು ಅವರು ಹೆಚ್ಚು ಗಮನಿಸುತ್ತಾರೆ. ಏಕೆಂಬುದು ಮುಂದಿನ ಉದಾಹರಣೆಗಳಿಂದ ತಿಳಿದೀತು.

ಮೊದಲು ಕಾಲಡಿಯ ಮಣ್ಣನ್ನು ನೋಡೋಣ. ನಮ್ಮ ಕರಾವಳಿಯಲ್ಲಿ ಬಾವಿ ತೋಡುವಾಗ ಮೇಲೆ ಗಟ್ಟಿಯಾದ ಮುರಕಲ್ಲು ಸಿಗುವುದು. ಅದರ ಕೆಳಗೆ ಕೆಂಪು, ಹಳದಿ, ಬೂದಿ ಬಣ್ಣಗಳು ಕಲಸಿಕೊಂಡ ಮೆತ್ತನೆಯ ಪದರ. ಇನ್ನೂ ಕೆಳಗೆ ಬಣ್ಣಗೆಟ್ಟ ಶೇಡಿ ಮಣ್ಣು. ಫ್ರಾನ್ಸಿಸ್ ಬುಕಾನನ್ ಎಂಬಾತ ೧೮೦೦-೦೧ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸಿ, ೧೮೦೭ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದದಿಂದ ಬಂದ ಹೆಸರು ಅದು. ಮುರಕಲ್ಲಿಗೂ ಶೇಡಿಗೂ ನಡುವಣ ಪದರಕ್ಕೆ ಭೂವಿಜ್ಞಾನಿಗಳು ಶಬಲ ವಲಯವೆಂದೇ ಹೆಸರು ಕೊಟ್ಟಿದ್ದಾರೆ.

ಮಣ್ಣಿಗೆ ಕೆಂಪು ಹಳದಿ ಬಣ್ಣಗಳನ್ನು ಕೊಡುವುದು ಕಬ್ಬಿಣದ ಆಕ್ಸೈಡುಗಳು. ಮಣ್ಣಿನ ರಂಧ್ರಗಳಲ್ಲಿ ಗಾಳಿ ಆಡುತ್ತಿರುವವರೆಗೆ ಅವು ಕರಗದೆ ಕಣಗಳಿಗೆ ಅಂಟಿಕೊಂಡಿರುತ್ತವೆ. ನೀರು ತುಂಬಿ ನಿಂತರೆ ಸಂಗತಿ ಬದಲಾಗುವುದು. ನೀರಿನಲ್ಲಿ ಕರಗಿದ್ದ ಅಲ್ಪಸ್ವಲ್ಪ ಆಮ್ಲಜನಕವನ್ನು ಬ್ಯಾಕ್ಟೀರಿಯಗಳು ಬೇಗನೆ ಮುಗಿಸಿಬಿಡುತ್ತವೆ. ಆಮೇಲೆ ಅವು ನೈಟ್ರೇಟು, ಮ್ಯಾಂಗನೀಸು, ಕೊನೆಗೆ ಕಬ್ಬಿಣದ ಆಕ್ಸೈಡುಗಳನ್ನು ಉಸಿರಾಟಕ್ಕೆ ಬಳಸತೊಡಗುತ್ತವೆ. ಆಗ ಕಬ್ಬಿಣವು ನೀರಿನಲ್ಲಿ ಕರಗುವ ರೂಪಕ್ಕೆ ತಿರುಗಿ ಅಲ್ಲಿಂದ ಸರಿದು ಹೋಗುತ್ತದೆ. ಹಿಂದೆ ಉಳಿಯುವುದು ಮರಳು ಜೇಡಿಗಳ ಸ್ವಂತ ಬೂದಿ ಬಣ್ಣ. ಕರಗಿದ ಕಬ್ಬಿಣ ಎಲ್ಲಿ ಗಾಳಿಯನ್ನು ಸಂಧಿಸುವುದೋ ಅಲ್ಲಿ ಮತ್ತೆ ತುಕ್ಕಾಗಿ ಕೂಡುವುದು. ಆದುದರಿಂದ ಶಬಲ ಮಣ್ಣಿನಲ್ಲಿ ಕೆಂಪು ಮಚ್ಚೆಯೆಂದರೆ ಕಬ್ಬಿಣ ಬಂದು ಸೇರಿದ ಜಾಗ, ಬೂದಿ ಮಚ್ಚೆಯೆಂದರೆ ಕಬ್ಬಿಣ ಬಿಟ್ಟುಹೋದ ಜಾಗ. ಇಂಥ ಬೂದಿ ಮಣ್ಣಿಗೆ ರಷ್ಯನ್ನರ ಆಡುಮಾತಿನಲ್ಲಿದ್ದ ‘ಗ್ಲೇ’ ಎಂಬ ಹೆಸರನ್ನು ವೈಸೋಟ್ಸ್ಕಿ ಎಂಬ ವಿಜ್ಞಾನಿ ೧೯೦೫ರಲ್ಲಿ ಶಾಸ್ತ್ರದೊಳಕ್ಕೆ ತಂದನು.

ಗದ್ದೆಯಿಂದ ಭತ್ತದ ಬುಡವೊಂದನ್ನು ಕಿತ್ತು ತೊಳೆದು ನೋಡಿದರೆ ಇದೇ ಕ್ರಿಯೆಯನ್ನು ಕಣ್ಣಾರೆ ಕಾಣಬಹುದು. ಕೆಸರು ಬೂದಿಯಾಗಿದ್ದರೂ ಬೇರಿನ ಮೇಲೆ ತುಕ್ಕಿನ ಬಣ್ಣದ ಲೇಪವಿರುತ್ತದೆ. ಭತ್ತದ ಕಾಂಡದೊಳಗಿನ ಗಾಳಿಗೊಳವೆಗಳಿಂದ ಇಳಿದ ಆಮ್ಲಜನಕ ಬೇರಿನಿಂದ ಹೊರಕ್ಕೆ ಸೋರಿ, ಸುತ್ತಲಿನ ಕಬ್ಬಿಣವನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತದೆ.

ಈಗ ಹಂಚಿಕೆಯ ಮಾತಿಗೆ ಬರೋಣ. ಕೆಳಗಿನಿಂದ ಅಂತರ್ಜಲವು ಏರಿ ತೊಯ್ಸಿದ ನೆಲದಲ್ಲಿ ಮಣ್ಣಿನ ಒಡಲು ಬೂದಿಯಾಗಿದ್ದು, ಬೇರಿನ ಹಾದಿಗಳೂ ಬಿರುಕುಗಳೂ ಕೆಂಪಾಗಿರುತ್ತವೆ. ಏಕೆಂದರೆ ಗಾಳಿ ಅವುಗಳ ಮೂಲಕವೇ ಒಳಬರಬೇಕು. ಮೇಲಿನಿಂದ ಸುರಿದ ಮಳೆನೀರು ಕೆಳಕ್ಕೆ ಇಂಗಲಾರದೆ ನಿಂತ ನೆಲದಲ್ಲಿ ಇದಕ್ಕೆ ತದ್ವಿರುದ್ಧ. ನೀರು ಬಿರುಕುಗಳಲ್ಲಿ ತುಂಬಿ ಅವುಗಳ ಗೋಡೆಗಳು ಬೂದಿಯಾಗುತ್ತವೆ. ಹೆಂಟೆಯ ಒಳಗೆ ಸಿಕ್ಕಿಕೊಂಡ ಗಾಳಿಯಿಂದ ಒಳಭಾಗ ಕೆಂಪಾಗಿಯೇ ಉಳಿಯುತ್ತದೆ. ಎರಡು ಕಡೆಯೂ ಅವೇ ಎರಡು ಬಣ್ಣಗಳು. ಆದರೆ ಮೊದಲನೆಯ ನೆಲಕ್ಕೆ ಆಳವಾದ ಬಸಿಗಾಲುವೆ ಬೇಕು, ಎರಡನೆಯದರಲ್ಲಿ ನೀರನ್ನು ತಡೆದಿರುವ ಗಟ್ಟಿ ಪದರವನ್ನು ಒಡೆಯಬೇಕು. ಮಣ್ಣಿನ ಸಮೀಕ್ಷೆ ಮಾಡುವವರು ಮಚ್ಚೆಗಳು ನೂರಕ್ಕೆ ೨ಕ್ಕಿಂತ ಕಡಿಮೆ ಜಾಗವನ್ನು ಆವರಿಸಿದರೆ ವಿರಳವೆಂದೂ, ೨೦ನ್ನು ಮುಟ್ಟಿದರೆ ಬಹಳವೆಂದೂ ಬರೆದುಕೊಳ್ಳುತ್ತಾರೆ. ಬೇಸಗೆಯಲ್ಲಿ ಒಣಗಿದ ಗುಂಡಿಯಲ್ಲಿ ನಿಂತೇ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುವುದೆಂದು ಹೇಳಬಲ್ಲರು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಮುರಕಲ್ಲಿನ ಕೆಳಗಿನ ಶಬಲತೆ ಅತಿ ಪುರಾತನವಾದುದಾಗಿರಬಹುದು. ಅದನ್ನು ಉಂಟುಮಾಡಿದ ನೀರು ಇಂದು ಅಲ್ಲಿರಲೇಬೇಕೆಂಬ ನಿಯಮವಿಲ್ಲ.

ಮಣ್ಣಿನಿಂದ ಹೊರಟ ನೀರು ಮನುಷ್ಯನ ಹಲ್ಲಿನ ಮೇಲೆಯೂ ಗುರುತು ಬಿಡುವುದುಂಟು. ೧೯೦೧ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದನು. ಆ ಊರಿನಲ್ಲೇ ಹುಟ್ಟಿ ಬೆಳೆದ ಜನರ ಹಲ್ಲುಗಳಲ್ಲಿ ಸುಣ್ಣದಂಥ ಬಿಳಿ ಮಚ್ಚೆಗಳೂ ಚಾಕೊಲೇಟಿನಂಥ ಕಂದು ಕಲೆಗಳೂ ಇದ್ದುದನ್ನು ಕಂಡು ಅವನಿಗೆ ಆಶ್ಚರ್ಯವಾಯಿತು. ದಂತಶಾಸ್ತ್ರದ ಪುಸ್ತಕಗಳಲ್ಲಿ ಇದರ ಮಾತೇ ಇರಲಿಲ್ಲ. ೧೯೦೯ರಲ್ಲಿ, ಆ ಕಾಲದ ಹಿರಿಯ ದಂತವಿಜ್ಞಾನಿಯಾಗಿದ್ದ ಗ್ರೀನ್ ವರ್ಡಿಮನ್ ಬ್ಲ್ಯಾಕ್ ಅವನೊಡನೆ ಸೇರಿ ೧೯೧೫ರಲ್ಲಿ ತೀರಿಕೊಳ್ಳುವವರೆಗೂ ಕೆಲಸ ಮಾಡಿದನು. ಇವರಿಬ್ಬರೂ ಎರಡು ಸಂಗತಿಗಳನ್ನು ಗೊತ್ತುಮಾಡಿದರು. ಬೇರೆಡೆ ಬೆಳೆದು ದೊಡ್ಡವರಾದ ಮೇಲೆ ಆ ಊರಿಗೆ ಬಂದವರ ಹಲ್ಲು ಶಬಲವಾಗುವುದಿಲ್ಲ. ಶಬಲವಾದ ಹಲ್ಲು ಸುಲಭವಾಗಿ ಹುಳುಕು ಹಿಡಿಯುವುದೂ ಇಲ್ಲ.

ಮೊದಲನೆಯ ಸಂಗತಿಗೆ ಕಾರಣ ಹಲ್ಲಿನ ಹುಟ್ಟಿನಲ್ಲಿದೆ. ಹಲ್ಲಿನ ಹೊರಪದರವಾದ ಎನಾಮೆಲ್ ಒಸಡಿನೊಳಗೇ ಸಿದ್ಧವಾಗುತ್ತದೆ. ಅದನ್ನು ಕಟ್ಟುವ ಕೋಶಗಳು ಹಲ್ಲು ಮೊಳೆಯುವ ವೇಳೆಗೆ ಅಳಿದುಹೋಗುತ್ತವೆ. ಜ್ಞಾನದ ಹಲ್ಲೊಂದನ್ನು ಬಿಟ್ಟರೆ ಶಾಶ್ವತ ಹಲ್ಲುಗಳ ಎನಾಮೆಲ್ ಸುಮಾರು ಎಂಟನೆಯ ವಯಸ್ಸಿಗೆ ಪೂರ್ತಿಯಾಗುವುದು. ಆ ಮೊದಲು ತೊಂದರೆಯಾದರೆ ಎನಾಮೆಲಿನಲ್ಲಿ ಖನಿಜ ಸರಿಯಾಗಿ ತುಂಬದೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ರಂಧ್ರಗಳಲ್ಲಿ ಬೆಳಕು ಚದರಿ ಆ ಭಾಗ ಸುಣ್ಣದಂತೆ ಬೆಳ್ಳಗೆ ಕಾಣುವುದು. ಕಂದು ಬಣ್ಣವಾದರೋ ಹಲ್ಲು ಹೊರಬಂದ ಮೇಲೆ ಆಹಾರ ಪಾನೀಯಗಳಿಂದ ಆ ರಂಧ್ರಗಳೊಳಕ್ಕೆ ಇಳಿದದ್ದು. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ.

ಹಾಗಾದರೆ ತೊಂದರೆ ಕೊಡುವ ವಸ್ತು ಯಾವುದು? ನೀರಿನ ಮೇಲೆ ಮೆಕೇಗೆ ಸಂಶಯವಿದ್ದೇ ಇತ್ತು. ೧೯೨೩ರಲ್ಲಿ ಐಡಹೊ ಪ್ರಾಂತದ ಓಕ್ಲಿ ಎಂಬ ಊರಿನವರು, ದೂರದ ಬಿಸಿನೀರಿನ ಚಿಲುಮೆಯಿಂದ ಕೊಳಾಯಿ ಹಾಕಿಸಿದ ಮೇಲೆ ಮಕ್ಕಳ ಹಲ್ಲು ಹೀಗಾಯಿತೆಂದು ಅವನಿಗೆ ಹೇಳಿದರು. ಆ ನೀರನ್ನು ಬಿಟ್ಟುಬಿಡಿ ಎಂದು ಅವನು ಸಲಹೆಯಿತ್ತನು. ಊರವರು ಬೇರೊಂದು ಚಿಲುಮೆಯನ್ನು ಬಳಸತೊಡಗಿದ ಕೆಲವು ವರ್ಷಗಳಲ್ಲಿ ಹೊಸದಾಗಿ ಬಂದ ಹಲ್ಲುಗಳು ಶುಭ್ರವಾಗಿದ್ದವು. ಆದರೂ ವಸ್ತುವಿನ ಹೆಸರು ತಿಳಿಯಲಿಲ್ಲ; ಅಂದಿನ ಸಾಮಾನ್ಯ ನೀರಿನ ಪರೀಕ್ಷೆಗಳು ಅದನ್ನು ಹುಡುಕುತ್ತಲೇ ಇರಲಿಲ್ಲ. ೧೯೩೧ರಲ್ಲಿ ಒಂದು ದೊಡ್ಡ ಅಲ್ಯೂಮಿನಿಯಂ ಕಂಪನಿಯ ಮುಖ್ಯ ರಸಾಯನಜ್ಞನಾಗಿದ್ದ ಚರ್ಚಿಲ್ ಎಂಬಾತನು ಆರ್ಕನ್ಸಾ ಪ್ರಾಂತದ ಬಾಕ್ಸೈಟ್ ಎಂಬ ಊರಿನ ನೀರನ್ನು ವರ್ಣಪಟಲದ ಉಪಕರಣದಿಂದ ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು. ಆ ನೀರಿನಲ್ಲಿ ದಶಲಕ್ಷಕ್ಕೆ ೧೩.೭ ಭಾಗ ಫ್ಲೋರೈಡ್ ಇದ್ದಿತು! ಅನಂತರ ಟ್ರೆಂಡ್ಲಿ ಡೀನ್ ಎಂಬಾತನು ಊರೂರುಗಳ ಮಕ್ಕಳ ಹಲ್ಲುಗಳನ್ನು ಪರೀಕ್ಷಿಸಿ, ದಶಲಕ್ಷಕ್ಕೆ ಒಂದು ಭಾಗದಷ್ಟಿದ್ದರೆ ಹುಳುಕು ಕಡಿಮೆ, ಕಲೆಯೂ ಅತ್ಯಲ್ಪ ಎಂದು ತೋರಿಸಿದನು. ೧೯೪೫ರಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದ ಕುಡಿಯುವ ನೀರಿಗೆ ಬೇಕೆಂದೇ ಫ್ಲೋರೈಡ್ ಬೆರೆಸತೊಡಗಿದುದು ಇದರ ಫಲ.

ನಮ್ಮ ದೇಶದ ಕಷ್ಟ ಬೇರೆ. ೧೯೩೭ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಿಂದ ಬಂದ ವೈದ್ಯಕೀಯ ವರದಿಯಲ್ಲಿ ಹಲ್ಲಿನ ಕಲೆಯಷ್ಟೇ ಅಲ್ಲ, ಬೆನ್ನು ಸೆಟೆದು ಕೀಲುಗಳು ಬಾಗದಂತಾದವರ ವಿವರವೂ ಇತ್ತು. ಕರ್ನಾಟಕದ ಗದಗ, ಕೊಪ್ಪಳ, ತುಮಕೂರು, ಕೋಲಾರ ಮುಂತಾದ ಒಣ ಜಿಲ್ಲೆಗಳಲ್ಲಿ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಶಿಲೆಯ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಕೊಳವೆ ಬಾವಿಗಳು ಆ ನೀರನ್ನು ಮೇಲಕ್ಕೆ ತರುತ್ತವೆ. ಲೀಟರಿಗೆ ೧ ಮಿಲಿಗ್ರಾಂ ಮೀರಬಾರದೆಂದೂ, ಬೇರೆ ನೀರೇ ಇಲ್ಲದಿದ್ದರೆ ೧.೫ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ವಿಧಿಸುತ್ತದೆ. ಶಾಲೆಯ ಮಕ್ಕಳ ಹಲ್ಲನ್ನು ನೋಡಿಯೇ ಊರಿನ ನೀರನ್ನು ಶಂಕಿಸಬಹುದಾದುದರಿಂದ ಈ ಮಚ್ಚೆಗೆ ಬೆಲೆಯುಂಟು. ಮೂಳೆಯ ಕೇಡು ಕಾಣಿಸಿಕೊಳ್ಳುವುದು ಎಷ್ಟೋ ವರ್ಷಗಳ ಮೇಲೆ. ಇಲ್ಲಿಯೂ ಹಂಚಿಕೆಯನ್ನೇ ನೋಡಬೇಕು. ಎಡಬಲಗಳ ಜೋಡಿ ಹಲ್ಲುಗಳು ಒಂದೇ ಕಾಲದಲ್ಲಿ ಬೆಳೆಯುವುದರಿಂದ ಫ್ಲೋರೈಡಿನ ಶಬಲತೆ ಎರಡು ಕಡೆಯೂ ಸಮನಾಗಿರುತ್ತದೆ. ಒಂದೇ ಹಲ್ಲಿನ ಮೇಲೆ ಮಚ್ಚೆಯಿದ್ದರೆ ಹಾಲುಹಲ್ಲಿಗೆ ಬಿದ್ದ ಪೆಟ್ಟೋ, ಅದರ ಬುಡದ ಕೀವೋ ಕಾರಣವಾಗಿದ್ದೀತು. ಅದಕ್ಕಾಗಿ ಬಾವಿಯನ್ನು ದೂರಬೇಕಾಗಿಲ್ಲ.

ಎಡಬಲಗಳ ಈ ವಿಚಾರ ಎಲೆಗಳಲ್ಲಿ ಇನ್ನಷ್ಟು ನಿರ್ಣಾಯಕ. ಎಲೆಯ ಹಸುರು ಪತ್ರಹರಿತಿನದು. ಅದು ಕುಂದಿದ ಕಡೆ ಹಳದಿ ತೋರುವುದು. ಹಳದಿ ಭಾಗಗಳಿಗೆ ಸ್ಪಷ್ಟವಾದ ಗಡಿಯಿದ್ದರೆ ಸಸ್ಯರೋಗ ತಜ್ಞರು ಮೊಸಾಯಿಕ್ ಎನ್ನುತ್ತಾರೆ, ಗಡಿ ಮಸುಕಾಗಿದ್ದರೆ ಶಬಲವೆನ್ನುತ್ತಾರೆ. ಹೊಗೆಸೊಪ್ಪಿನ ಮೊಸಾಯಿಕ್ ರೋಗಕ್ಕೆ ಅಡಾಲ್ಫ್ ಮೇಯರ್ ೧೮೮೬ರಲ್ಲಿ ಆ ಹೆಸರು ಕೊಟ್ಟನು. ಅದರ ಬೆನ್ನು ಹತ್ತಿದವರಿಂದಲೇ ವೈರಸ್ ಎಂಬುದೊಂದು ಇದೆಯೆಂದು ಜಗತ್ತಿಗೆ ತಿಳಿಯಿತು. ನಮ್ಮ ಮಲೆನಾಡಿನ ಏಲಕ್ಕಿ ತೋಟಗಳ ಕಟ್ಟೆ ರೋಗವೂ ಇದೇ ಜಾತಿಯದು. ಎಳೆಯ ಎಲೆಯಲ್ಲಿ ನರಗಳ ಉದ್ದಕ್ಕೂ ಮಾಸಲು ಹಸುರಿನ ಗೆರೆಗಳು ಮೂಡಿ ಅಮೃತಶಿಲೆಯಂತೆ ಕಾಣುವುದರಿಂದ ಅದಕ್ಕೆ ಇಂಗ್ಲಿಷಿನಲ್ಲಿ ಅಮೃತಶಿಲೆಯ ರೋಗವೆಂಬ ಹೆಸರೂ ಇದೆ. ಗಿಡಹೇನು ಹರಡುವ ಈ ವೈರಸಿಗೆ ಮದ್ದಿಲ್ಲ; ರೋಗದ ಬುಡಗಳನ್ನು ಹುಡುಕಿ ಕಿತ್ತುಹಾಕುವುದೊಂದೇ ದಾರಿ.

ಕೊಡಗಿನ ಕಿತ್ತಳೆಯ ಎಲೆ ನೋಡುವವನ ಕಣ್ಣಿಗೆ ಕಠಿಣವಾದ ಪರೀಕ್ಷೆಯನ್ನೊಡ್ಡುತ್ತದೆ. ಮಣ್ಣಿನಲ್ಲಿ ಸತುವಿನ ಕೊರತೆಯಾದರೆ ಕಿತ್ತಳೆಯ ಎಲೆ ಕಿರಿದಾಗಿ, ನರಗಳ ಪಕ್ಕ ಹಸುರು ಉಳಿದು ನಡುವೆ ಹಳದಿಯಾಗುತ್ತದೆ. ಸತುವಿನ ಸಲ್ಫೇಟನ್ನು ಸಿಂಪಡಿಸಿದರೆ ಹೊಸ ಚಿಗುರು ಸರಿಹೋಗುವುದು. ಸಿಲ್ಲಿಡ್ ಎಂಬ ಸಣ್ಣ ಕೀಟ ತರುವ ‘ಗ್ರೀನಿಂಗ್’ ರೋಗದಲ್ಲಿಯೂ ಎಲೆ ಹಳದಿ ಹಸುರಾಗಿ ಶಬಲವಾಗುತ್ತದೆ. ಆಹಾರರಸ ಹರಿಯುವ ನಾಳಗಳಲ್ಲಿ ಬ್ಯಾಕ್ಟೀರಿಯ ನೆಲೆಸುವ ಈ ರೋಗ ಒಮ್ಮೆ ಹಿಡಿದ ಮರಕ್ಕೆ ಗುಣವಿಲ್ಲ. ಆ ಮರ ಅಲ್ಲೇ ನಿಂತಿದ್ದರೆ ನೆರೆಯ ಮರಗಳಿಗೂ ಅಪಾಯ. ಎರಡನ್ನೂ ಬೇರ್ಪಡಿಸುವ ಮೊದಲ ಗುರುತು ಇದು: ಎಲೆಯ ನಡುನರದ ಎಡಬಲ ಭಾಗಗಳನ್ನು ಹೋಲಿಸಬೇಕು. ಕೊರತೆ ಇಡೀ ಎಲೆಗೆ ಒಂದೇ ಸಮನೆ ತಟ್ಟುವುದರಿಂದ ಎರಡು ಭಾಗಗಳೂ ಕನ್ನಡಿಯ ಬಿಂಬದಂತೆ ಹೊಂದಿಕೆಯಾಗುತ್ತವೆ. ರೋಗದಲ್ಲಿ ಅಲ್ಲೊಂದು ಇಲ್ಲೊಂದು ನಾಳ ಕಟ್ಟಿಕೊಂಡು ಪಿಷ್ಟ ಶೇಖರವಾಗುವುದರಿಂದ ಒಂದು ಭಾಗದ ಹಳದಿಗೆ ಇನ್ನೊಂದರಲ್ಲಿ ಜೋಡಿಯಿರುವುದಿಲ್ಲ. ರೋಗಪೀಡಿತ ಮರ ಸತುವಿನ ಕೊರತೆಯ ಲಕ್ಷಣಗಳನ್ನೂ ತೋರಬಹುದಾದುದರಿಂದ ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು. ಆದರೂ ಯಾವ ಎಲೆಯನ್ನು ಅಲ್ಲಿಗೆ ಕಳಿಸಬೇಕೆಂಬುದನ್ನು ತೋಟದಲ್ಲಿಯೇ ಗೊತ್ತುಮಾಡಬಹುದು.

ಅನುವಂಶಿಕತೆಯ ಶಾಸ್ತ್ರದಲ್ಲಿ ಈ ಪದ ವಿಚಿತ್ರವಾದ ಗೌರವವನ್ನು ಪಡೆದಿದೆ. ಅಲ್ಲಿ ‘ಮಾಟಲ್ಡ್’ ಎಂಬುದು ಇಲಿಯ ಒಂದು ಜೀನಿನ ಹೆಸರು! ಈ ಜೀನು ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡಿಲಿಗೆ ಎಕ್ಸ್ ಒಂದೇ, ಹೆಣ್ಣಿಗೆ ಎರಡು. ಜೀನು ಕೆಟ್ಟ ಗಂಡಿಲಿಗಳು ಎಂದೂ ಶಬಲವಾಗುವುದಿಲ್ಲ. ಮೈಯೆಲ್ಲ ಬಿಳಿಚಿಕೊಂಡು ಹಲವು ಎಳೆಯದರಲ್ಲೇ ಸಾಯುತ್ತವೆ. ಒಂದು ಕೆಟ್ಟ, ಒಂದು ಒಳ್ಳೆಯ ಜೀನಿರುವ ಹೆಣ್ಣಿಲಿಗಳ ತುಪ್ಪಳದಲ್ಲಿ ಮಾತ್ರ ಕಪ್ಪು ಬಿಳುಪು ತೇಪೆಗಳು. ಎರಡೂ ಜೀನುಗಳು ಒಟ್ಟಾಗಿ ಕೆಲಸ ಮಾಡಿದ್ದರೆ ಮೈಯೆಲ್ಲ ಒಂದೇ ನಡುಬಣ್ಣ ಇರಬೇಕಾಗಿತ್ತಲ್ಲವೆ? ಇಂಗ್ಲೆಂಡಿನ ಮೇರಿ ಲಿಯನ್ ೧೯೬೧ರಲ್ಲಿ ಇದಕ್ಕೆ ಉತ್ತರ ಕೊಟ್ಟಳು. ಹೆಣ್ಣು ಭ್ರೂಣದ ಪ್ರತಿಯೊಂದು ಕೋಶದಲ್ಲಿಯೂ ಎರಡು ಎಕ್ಸ್‌ಗಳಲ್ಲಿ ಯಾವುದೋ ಒಂದು ಬೇಗನೆ ನಿಷ್ಕ್ರಿಯವಾಗುತ್ತದೆ. ಆ ಕೋಶದ ಸಂತತಿಯೆಲ್ಲ ಅದೇ ಆಯ್ಕೆಯನ್ನು ಉಳಿಸಿಕೊಳ್ಳುತ್ತದೆ. ಒಂದೊಂದು ತೇಪೆ ಒಂದೊಂದು ಕೋಶವಂಶದ ಗುರುತು. ಕಪ್ಪು, ಕಿತ್ತಳೆ, ಬಿಳಿ ಬಣ್ಣಗಳ ಬೆಕ್ಕು ಸಾಮಾನ್ಯವಾಗಿ ಹೆಣ್ಣೇ ಆಗಿರುವುದಕ್ಕೂ ಇದೇ ಕಾರಣ.

ಆ ಜೀನಿನ ಕೆಲಸವೇನೆಂಬುದು ಆಮೇಲೆ ತಿಳಿಯಿತು. ಅದು ಶರೀರದಲ್ಲಿ ತಾಮ್ರವನ್ನು ಸಾಗಿಸುವ ಪ್ರೋಟೀನಿನದು. ಕೂದಲಿಗೆ ಬಣ್ಣ ಕೊಡುವ ಕಿಣ್ವಕ್ಕೆ ತಾಮ್ರ ಬೇಕು. ಅದು ತಲಪದಿದ್ದರೆ ಕೂದಲು ಬಿಳಿಚುವುದು. ಮನುಷ್ಯರಲ್ಲಿ ಇದೇ ಜೀನು ಕೆಟ್ಟರೆ ಗಂಡುಶಿಶುಗಳಿಗೆ ಮೆಂಕೀಸ್ ರೋಗ ಬರುತ್ತದೆ. ಕೂದಲು ತಂತಿಯಂತೆ ಸುರುಟಿ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ತಾಮ್ರವಿಲ್ಲದ ಹುಲ್ಲುಗಾವಲಿನಲ್ಲಿ ಮೇಯ್ದ ಕುರಿಗಳ ಉಣ್ಣೆಯೂ ಕೆಡುವುದೆಂದು ಆಸ್ಟ್ರೇಲಿಯದವರಿಗೆ ಗೊತ್ತಿತ್ತು. ಆ ನಾಡಿನ ವೈದ್ಯ ಡೇವಿಡ್ ಡ್ಯಾಂಕ್ಸ್ ೧೯೭೨ರಲ್ಲಿ ಈ ಶಿಶುಗಳ ಕೂದಲಿನಲ್ಲಿ ಅದೇ ಹೋಲಿಕೆಯನ್ನು ಗುರುತಿಸಿ ತಾಮ್ರದ ಕೊರತೆಯನ್ನು ಪತ್ತೆಹಚ್ಚಿದನು.

ಚರ್ಮದ ಶಬಲತೆಯ ಕಾರಣ ವರ್ಣದ್ರವ್ಯವಲ್ಲ, ರಕ್ತ. ಚಳಿಯಲ್ಲಿ ಎಳೆಗೂಸಿನ ಕಾಲುಗಳ ಮೇಲೆ ನೇರಳೆ ಬಣ್ಣದ ಬಲೆಯಂಥ ಚಿತ್ತಾರ ಮೂಡಿ, ಬೆಚ್ಚಗೆ ಹೊದಿಸಿದರೆ ಮಾಯವಾಗುವುದು ಸಹಜ. ತೀವ್ರ ಸೋಂಕಿನಿಂದ ರಕ್ತಪ್ರವಾಹ ಕುಸಿದ ರೋಗಿಯ ಮಂಡಿಯ ಮೇಲೆ ಅದೇ ಚಿತ್ತಾರ ಕಂಡು ತೊಡೆಯತ್ತ ಹರಡತೊಡಗಿದರೆ ವೈದ್ಯರು ಗಾಬರಿಗೊಳ್ಳುತ್ತಾರೆ. ಫ್ರಾನ್ಸಿನ ವೈದ್ಯರು ೨೦೧೧ರಲ್ಲಿ ಈ ಹರಡುವಿಕೆಗೆ ಸೊನ್ನೆಯಿಂದ ಐದರವರೆಗೆ ಅಂಕಗಳನ್ನು ಗೊತ್ತುಮಾಡಿ, ಅಂಕ ಏರಿದಂತೆ ಸಾವಿನ ಸಂಭವವೂ ಏರುವುದೆಂದು ತೋರಿಸಿದರು. ಕಪ್ಪು ಚರ್ಮದ ಮೇಲೆ ಈ ಗುರುತು ಸುಲಭವಾಗಿ ಕಾಣದು. ಆದುದರಿಂದ ನಮ್ಮಂಥವರಲ್ಲಿ ಇದೊಂದನ್ನೇ ನೆಚ್ಚುವಂತಿಲ್ಲ.

ಇದುವರೆಗೆ ನೋಡಿದ ಮಚ್ಚೆಗಳೆಲ್ಲ ವಸ್ತುವಿನಲ್ಲೇ ಇದ್ದವು. ಕ್ಷ-ಕಿರಣದ ಚಿತ್ರದಲ್ಲಿ ಕಾಣುವ ಒಂದು ಬಗೆಯ ಶಬಲತೆ ರೋಗಿಯಲ್ಲಿಯೂ ಇಲ್ಲ, ಉಪಕರಣದ ದೋಷವೂ ಅಲ್ಲ. ಕ್ಷ-ಕಿರಣಗಳು ಬಿಡಿ ಬಿಡಿ ಫೋಟಾನುಗಳಾಗಿ ಬಂದು ಬೀಳುತ್ತವೆ. ಅಂಗಳದ ಕಲ್ಲುಚಪ್ಪಡಿಗಳ ಮೇಲೆ ಬಿದ್ದ ಮೊದಲ ಮಳೆಹನಿಗಳಂತೆ ಒಂದರ ಮೇಲೆ ಹೆಚ್ಚು, ಪಕ್ಕದ್ದರ ಮೇಲೆ ಕಡಿಮೆ. ಚಿತ್ರದ ಒಂದು ಬಿಂದುವಿಗೆ ಸರಾಸರಿ ೧೦೦ ಫೋಟಾನುಗಳು ಬೀಳುವಂತಿದ್ದರೆ ಏರಿಳಿತ ಸುಮಾರು ೧೦, ಎಂದರೆ ನೂರಕ್ಕೆ ೧೦ರಷ್ಟು. ೧೦,೦೦೦ ಬೀಳುವಂತಿದ್ದರೆ ಏರಿಳಿತ ಸುಮಾರು ೧೦೦, ಎಂದರೆ ನೂರಕ್ಕೆ ಒಂದೇ. ಹೀಗಾಗಿ ಮಚ್ಚೆಯನ್ನು ಅರ್ಧಕ್ಕಿಳಿಸಲು ಕಿರಣಗಳನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು, ರೋಗಿಯ ಶರೀರ ಹೀರುವ ಕಿರಣವೂ ಅಷ್ಟೇ ಹೆಚ್ಚುವುದು. ಈ ಮಚ್ಚೆಗಳಿಗೆ ನೆಲೆಯಾದ ಹಂಚಿಕೆಯೇ ಇಲ್ಲ. ಎರಡನೆಯ ಬಾರಿ ಚಿತ್ರ ತೆಗೆದರೆ ಗಡ್ಡೆಯ ನೆರಳು ಇದ್ದಲ್ಲೇ ಇರುತ್ತದೆ, ಶಬಲತೆ ಬೇರೆಡೆಗೆ ಹೋಗಿರುತ್ತದೆ. ಆದರೆ ಅಷ್ಟು ತಿಳಿಯುವುದಕ್ಕಾಗಿ ಮಗುವೊಂದನ್ನು ಎರಡು ಬಾರಿ ಕಿರಣಕ್ಕೆ ಒಡ್ಡುವಂತಿಲ್ಲ. ಅದಕ್ಕಾಗಿ ತಜ್ಞರು ತಾವು ಹುಡುಕುವ ವಸ್ತುವಿಗೆ ತಕ್ಕಂತೆ ಪ್ರಮಾಣವನ್ನು ಗೊತ್ತುಮಾಡುತ್ತಾರೆ. ಮೂತ್ರಪಿಂಡದ ಕಲ್ಲು ಗಾಢವಾದ ನೆರಳು ಬೀರುವುದರಿಂದ ಸಾಕಷ್ಟು ಮಚ್ಚೆಗಳ ನಡುವೆಯೂ ಕಾಣಿಸುತ್ತದೆ. ಅಲ್ಲಿ ಕಡಿಮೆ ಕಿರಣ ಸಾಕು. ಯಕೃತ್ತಿನೊಳಗಿನ ಮಸುಕಾದ ಗಡ್ಡೆಯನ್ನು ಹುಡುಕುವಾಗ ಮಾತ್ರ ಹೆಚ್ಚು ಕಿರಣದ ಬೆಲೆಯನ್ನು ತೆರಬೇಕಾಗುತ್ತದೆ.